ಅಕ್ಟೋಬರ್ ಋತುವಿನ ಹೊಸ ಅನಿಮೆಗಳು: ಮೊದಲ ಕಂತನ್ನು ಎಷ್ಟು ನಂಬಬಹುದು, ಯಾವ ಚಂದಾ ಉಳಿಸಿಕೊಳ್ಳಬೇಕು?

ಚಿತ್ರಕಲಾ ಶಿಕ್ಷಕಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳ ಒತ್ತಾಯಕ್ಕೆ ಎರಡು ವರ್ಷಗಳ ಹಿಂದೆ ಅನಿಮೆ, ಅಂದರೆ ಜಪಾನಿನ ಅನಿಮೇಷನ್ ಸರಣಿಗಳನ್ನು, ನೋಡಲು ಕುಳಿತವಳು, ಈಗ ಅವಳಷ್ಟೇ ಆಸೆಯಿಂದ ಪ್ರತಿ ಹೊಸ ಋತುವಿಗಾಗಿ ಕಾಯುತ್ತೇನೆ. ಜಪಾನಿನ ಟಿ.ವಿ.ಯಲ್ಲಿ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳಲ್ಲಿ ಹೊಸ ಸರಣಿಗಳು ಒಟ್ಟೊಟ್ಟಿಗೆ ಶುರುವಾಗುವುದು ನಿಮಗೆಲ್ಲ ಗೊತ್ತಿರುವ ವಿಷಯ. 2024ರ ಈ ಅಕ್ಟೋಬರ್ ಋತು ನಮ್ಮ ದಸರಾ ರಜೆಯ ಜೊತೆಗೇ ಬಂದಿದ್ದರಿಂದ, ಹಿಂದೆಂದೂ ಆಗದಷ್ಟು ಹೊಸ ಸರಣಿಗಳ ಮೊದಲ ಕಂತುಗಳನ್ನು ನಾವಿಬ್ಬರೂ ಜೊತೆಯಾಗಿ ನೋಡಲು ಸಾಧ್ಯವಾಯಿತು.

ಮೊದಲು ನೋಡಿದ್ದು ‘ದಂದದಾನ್’. ದೆವ್ವವಿದೆ, ಅನ್ಯಲೋಕದವರಿಲ್ಲ ಎನ್ನುವ ಹುಡುಗಿ, ಅನ್ಯಲೋಕದವರಿದ್ದಾರೆ, ದೆವ್ವವಿಲ್ಲ ಎನ್ನುವ ಹುಡುಗ. ಇಬ್ಬರೂ ಪಂಥ ಕಟ್ಟಿ, ಅವಳು ಪಾಳುಬಿದ್ದ ಆಸ್ಪತ್ರೆಗೂ ಅವನು ಸುರಂಗಕ್ಕೂ ಹೋಗುತ್ತಾರೆ. ಸೈನ್ಸ್ ಸಾರು ಸ್ಟುಡಿಯೋದವರು ಇದರಲ್ಲಿ ಬಣ್ಣವನ್ನು ಬಳಸಿರುವ ರೀತಿಯನ್ನು ನೋಡಿ, ಬಣ್ಣ ಕಲಿಸುವುದನ್ನೇ ವೃತ್ತಿ ಮಾಡಿಕೊಂಡ ನಾನು ಬೆರಗಾದೆ. ಆದರೆ ಅದೇ ಕಂತಿನಲ್ಲಿ ಆ ಹುಡುಗಿಯನ್ನು ಹಿಡಿದಿಟ್ಟು ಬಟ್ಟೆ ಕಳಚುವ ದೃಶ್ಯವೊಂದಿದೆ. ಮಗಳ ಪಕ್ಕದಲ್ಲಿ ಕುಳಿತು ಅದನ್ನು ನೋಡುವುದು ನನಗೆ ಕಷ್ಟವಾಯಿತು. ಕಥೆಗೆ ಅದು ಬೇಕಿತ್ತು ಎಂದೂ ಅನ್ನಿಸಲಿಲ್ಲ.

‘ಬ್ಲೂ ಬಾಕ್ಸ್’ ಮಗಳಿಗೆ ಕೂಡಲೇ ಹಿಡಿಸಿತು, ಏಕೆಂದರೆ ಅವಳೂ ಶಾಲೆಯಲ್ಲಿ ಶಟಲ್ ಆಡುತ್ತಾಳೆ. ಬೆಳಗಿನ ಜಾವ ಖಾಲಿ ಕ್ರೀಡಾಂಗಣದಲ್ಲಿ ಒಬ್ಬ ಬ್ಯಾಡ್ಮಿಂಟನ್ ಹುಡುಗ ಮತ್ತು ಒಬ್ಬ ಬ್ಯಾಸ್ಕೆಟ್‌ಬಾಲ್ ಹುಡುಗಿ ತಮ್ಮ ತಮ್ಮ ಅಭ್ಯಾಸದಲ್ಲಿ ಮುಳುಗಿರುವಾಗ ಕೇಳುವ ಬೂಟಿನ ಸದ್ದು ನಿಜವಾದ ಕೋರ್ಟಿನ ಸದ್ದೇ ಎಂದು ಅವಳು ಹೇಳಿದಳು. ‘ಆರ್ಬ್’ ಮಾತ್ರ ಚಿತ್ರಹಿಂಸೆಯ ದೃಶ್ಯದಿಂದಲೇ ತೆರೆದುಕೊಂಡಿದ್ದರಿಂದ ನಾನು ಅದನ್ನು ನಡುವೆಯೇ ನಿಲ್ಲಿಸಿಬಿಟ್ಟೆ. ಅದಕ್ಕಾಗಿ ಮಗಳು ನನ್ನ ಮೇಲೆ ಇಂದಿಗೂ ಮುನಿಸಿಕೊಂಡಿದ್ದಾಳೆ.

ನನ್ನ ಪ್ರಶ್ನೆಗಳು ಎರಡು. ಒಂದೇ ಕಂತು ನೋಡಿ ಸರಣಿಯೊಂದನ್ನು ಕೈಬಿಡುವುದು ನ್ಯಾಯವೇ, ಅಥವಾ ನೀವು ಬೇರೆ ಯಾವುದಾದರೂ ಅಳತೆ ಇಟ್ಟುಕೊಂಡಿದ್ದೀರಾ? ಮನೆಯ ಖರ್ಚಿನಲ್ಲಿ ಒಂದೇ ಒಂದು ಓಟಿಟಿ ಚಂದಾಕ್ಕೆ ಜಾಗವಿರುವಾಗ ಈ ಮೂರು ತಿಂಗಳಿಗೆ ಯಾವುದನ್ನು ಇಟ್ಟುಕೊಳ್ಳಬೇಕು? ನಮ್ಮ ಅತ್ತೆಯವರೂ ಜೊತೆಗೆ ಕುಳಿತುಕೊಳ್ಳುತ್ತಾರೆ. ಅವರಿಗೆ ಕನ್ನಡ, ತೆಲುಗು ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ಇದನ್ನೂ ಗಮನದಲ್ಲಿಟ್ಟುಕೊಂಡು ಉತ್ತರಿಸಿದರೆ ಉಪಕಾರವಾಗುತ್ತದೆ.

ರಾತ್ರಿಪಾಳಿ, ಶಕ್ತಿನಗರ, ರಾಯಚೂರು

ಮೇಡಂ, ನಮಸ್ಕಾರ. ‘ಆರ್ಬ್’ ಸರಣಿಯನ್ನು ದಯವಿಟ್ಟು ಮೂರನೆಯ ಕಂತಿನವರೆಗೆ ನೋಡಿ. ಆ ಕಂತಿನಲ್ಲಿ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ, ಇಲ್ಲಿ ಬೇರೆಯವರೂ ಹೇಳಬಾರದೆಂದು ಕೇಳಿಕೊಳ್ಳುತ್ತೇನೆ. ಹದಿನೈದನೆಯ ಶತಮಾನದ ಯುರೋಪಿನಲ್ಲಿ, ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಎಂದು ಯೋಚಿಸುವುದೂ ಧರ್ಮದ್ರೋಹವಾಗಿದ್ದ ಕಾಲ್ಪನಿಕ ರಾಜ್ಯವೊಂದರಲ್ಲಿ, ರಫಾಲ್ ಎಂಬ ಹನ್ನೆರಡು ವರ್ಷದ ಜಾಣ ಹುಡುಗನ ಮುಂದೆ ಬಂದು ನಿಲ್ಲುವ ಆಯ್ಕೆಯ ಕಥೆ ಅದು. ಕೋಪರ್ನಿಕಸನ ಗ್ರಂಥ ಅಚ್ಚಾದದ್ದು 1543ರಲ್ಲಿ. ಈ ಕಥೆ ನಡೆಯುವುದು ಅದಕ್ಕೂ ಮುಂಚೆ. ಮೊದಲ ದೃಶ್ಯದ ಕ್ರೌರ್ಯ ಬೆದರಿಸಲೆಂದು ಇಟ್ಟದ್ದಲ್ಲ. ಹುಡುಗನು ಯೋಚಿಸುವ ಪ್ರತಿಯೊಂದು ಯೋಚನೆಗೂ ತೆರಬೇಕಾದ ಬೆಲೆ ಎಷ್ಟು ಎಂಬುದನ್ನು ನೋಡುವವರಿಗೆ ಮೊದಲೇ ತಿಳಿಸಿಡುವ ದೃಶ್ಯ ಅದು. ಅದಿಲ್ಲದೆ ಮೂರನೆಯ ಕಂತಿಗೆ ತೂಕವೇ ಬರುತ್ತಿರಲಿಲ್ಲ. ಮಗಳಿಗೆ ತೋರಿಸಬೇಕೋ ಬೇಡವೋ ಎಂಬುದನ್ನು ನೀವು ಒಬ್ಬರೇ ಮೊದಲು ನೋಡಿ ತೀರ್ಮಾನಿಸಿ.

ಈಗ ನಿಮ್ಮ ಮೊದಲ ಪ್ರಶ್ನೆ. ನಮ್ಮ ಕಡೆಯ ಬಯಲಾಟದಲ್ಲಿ ವೇಷ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರು ನಿಂತು, ತಾವು ಯಾರು, ಯಾವ ಊರಿನವರು ಎಂದು ಕೇಳಿ ಮಾತನಾಡಿಸುತ್ತಾನಲ್ಲ, ಮೊದಲ ಕಂತು ಮಾಡುವ ಕೆಲಸವೂ ಅಷ್ಟೇ. ವೇಷ ಚೆನ್ನಾಗಿದೆ ಎಂದು ಅಲ್ಲಿ ಗೊತ್ತಾಗುತ್ತದೆ. ಬೆಳಗಿನ ಜಾವದವರೆಗೆ ಆಟ ನಿಲ್ಲುತ್ತದೆಯೇ ಎಂದು ಗೊತ್ತಾಗುವುದಿಲ್ಲ. ಸ್ಟುಡಿಯೋಗಳು ತಮ್ಮ ಒಳ್ಳೆಯ ಕೈಗಳನ್ನೂ ಹೆಚ್ಚಿನ ಸಮಯವನ್ನೂ ಮೊದಲ ಕಂತಿಗೆ ಸುರಿಯುವುದು ಸಾಮಾನ್ಯ ರೂಢಿ. ಇದೇ ಋತುವಿನ ಹೊಸ್ತಿಲಲ್ಲಿ ಬಂದ ‘ಉಝುಮಾಕಿ’ಯನ್ನೇ ನೋಡಿ: ನಾಲ್ಕೇ ಕಂತುಗಳ ಕಪ್ಪುಬಿಳುಪಿನ ಸರಣಿ, 2019ರಲ್ಲಿ ಘೋಷಣೆಯಾಗಿ ಐದು ವರ್ಷ ಕಾಯಿಸಿದ್ದು. ಮೊದಲ ಕಂತನ್ನು ಜಗತ್ತೇ ಕೊಂಡಾಡಿತು, ಎರಡನೆಯದಕ್ಕೆ ಬರುವಷ್ಟರಲ್ಲಿ ಚಲನೆಯ ಗುಣಮಟ್ಟ ಬರಿಗಣ್ಣಿಗೆ ಕಾಣುವಷ್ಟು ಕುಸಿದಿತ್ತು.

ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಇದೆ. ಕಳೆದ ವರ್ಷ ‘ಫ್ರೀರೆನ್’ ಆರಂಭವಾದಾಗ ನಿಪ್ಪಾನ್ ಟಿ.ವಿ.ಯವರು 2023ರ ಸೆಪ್ಟೆಂಬರ್ 29ರಂದು ಮೊದಲ ನಾಲ್ಕು ಕಂತುಗಳನ್ನು ಒಂದೇ ರಾತ್ರಿ ಎರಡು ಗಂಟೆಗಳ ವಿಶೇಷ ಕಾರ್ಯಕ್ರಮವಾಗಿ ಪ್ರಸಾರ ಮಾಡಿದರು. ಸಾಹಸಯಾತ್ರೆ ಮುಗಿದ ಮೇಲೆ ಶುರುವಾಗುವ, ಮೊದಲ ಕಂತಿನಲ್ಲೇ ಐವತ್ತು ವರ್ಷ ಸರಿದು ವೀರನೊಬ್ಬನು ಮುಪ್ಪಿನಲ್ಲಿ ತೀರಿಹೋಗುವ ಆ ಕಥೆಯನ್ನು ಒಂದೇ ಕಂತಿನಿಂದ ಅಳೆಯಲು ಬರುತ್ತಿರಲಿಲ್ಲ. ಅದರ ಬೆನ್ನಿಗೇ ಬಂದ ‘ದಿ ಅಪೋಥೆಕರಿ ಡೈರೀಸ್’ ಮೂರು ಕಂತುಗಳೊಂದಿಗೆ ಶುರುವಾಯಿತು. ಪ್ರಸಾರ ಮಾಡುವವರೇ ಒಂದು ಕಂತನ್ನು ನೆಚ್ಚಿ ಕೂರುವುದಿಲ್ಲ ಎಂದ ಮೇಲೆ ನಾವೇಕೆ ನೆಚ್ಚಬೇಕು? ಮೂರು ಕಂತು ನೋಡದೆ ಕೈಬಿಡಬಾರದು ಎಂಬುದು ಅನಿಮೆ ನೋಡುವವರಲ್ಲಿ ಬಹಳ ಹಿಂದಿನಿಂದ ಇರುವ ನಿಯಮ; ನಾನು ಅದನ್ನೇ ಪಾಲಿಸುತ್ತೇನೆ. ಇಪ್ಪತ್ತನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಒಂದೂಕಾಲು ಗಂಟೆಗೂ ಕಡಿಮೆ.

ನಮ್ಮಂಥ ಪಾಳಿ ಕೆಲಸದವರಿಗೆ ಉಪಯೋಗವಾಗುವ ಒಂದು ಮಾತು: ‘ದಂದದಾನ್’ ಜಪಾನಿನಲ್ಲಿ ಗುರುವಾರ 24:26ಕ್ಕೆ ಎಂದು ಪಟ್ಟಿಯಲ್ಲಿ ಬರೆದಿರುತ್ತಾರೆ. ನಡುರಾತ್ರಿ ದಾಟಿದರೂ ಅವರು ಹಿಂದಿನ ದಿನದ ಲೆಕ್ಕವನ್ನೇ ಮುಂದುವರಿಸುತ್ತಾರೆ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿರುವುದರಿಂದ ನಮಗೆ ಅದು ಗುರುವಾರ ರಾತ್ರಿ 8:56. ನಾನು ಪಾಳಿಗೆ ಹೊರಡುವ ಮುಂಚೆ ಮುಗಿದಿರುತ್ತದೆ.

ಗೊಂಬೆಮನೆ, ಕೊಪ್ಪಳ

ರಾಯಚೂರಿನ ಸರ್ ಹೇಳಿದ ಮೂರು ಕಂತಿನ ನಿಯಮವನ್ನು ನಾನು ಒಪ್ಪುತ್ತೇನೆ. ಆದರೆ ಚಲನೆ ಕಡಿಮೆಯಾದ ಕೂಡಲೇ ಗುಣಮಟ್ಟ ಕುಸಿಯಿತು ಎನ್ನುವುದನ್ನು ಅಷ್ಟು ಸುಲಭವಾಗಿ ಒಪ್ಪಲಾರೆ. ಈ ವಾದ ‘ಬ್ಲೂ ಲಾಕ್’ ಎರಡನೆಯ ಸೀಸನ್ನಿನ ಬಗ್ಗೆಯೂ ಈ ತಿಂಗಳು ಎಲ್ಲೆಡೆ ಕೇಳಿಬರುತ್ತಿದೆ: ಫುಟ್‌ಬಾಲ್ ಆಟವನ್ನು ನಿಂತ ಚಿತ್ರಗಳಲ್ಲಿ ತೋರಿಸುತ್ತಿದ್ದಾರೆ ಎಂದು.

ನಾನು ಹುಟ್ಟಿ ಬೆಳೆದದ್ದು ತೊಗಲುಗೊಂಬೆಯಾಟ ನೋಡುತ್ತ. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರನ್ನು ನೀವೆಲ್ಲ ಕೇಳಿರುತ್ತೀರಿ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇದೇ ಕಲೆಯಲ್ಲಿ ಸ್ವಾತಂತ್ರ್ಯ ಹೋರಾಟದ ಕಥೆಗಳನ್ನೂ ಆಡಿ ತೋರಿಸಿದವರು. ತೊಗಲಿನ ಗೊಂಬೆಗೆ ಆಡುವ ಕೀಲುಗಳು ಎಷ್ಟು? ಕೆಲವೇ ಕೆಲವು. ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಆದರೂ ಪರದೆಯ ಹಿಂದೆ ಕುಳಿತವರ ಧ್ವನಿ ಏರಿದಾಗ ಆ ಅಲುಗದ ಮುಖವೇ ಅಳುತ್ತಿದೆ ಎಂದು ಮಕ್ಕಳು ನಂಬುತ್ತಾರೆ. ಅನಿಮೆಯ ಮೂಲದಲ್ಲಿ ಇರುವುದೂ ಇದೇ ಉಪಾಯ. 1963ರ ಜನವರಿಯಲ್ಲಿ ತೆಝುಕಾ ಒಸಾಮು ಅವರ ‘ಆಸ್ಟ್ರೋ ಬಾಯ್’ ವಾರಕ್ಕೊಂದು ಕಂತಿನಂತೆ ಟಿ.ವಿ.ಗೆ ಬಂದಾಗ, ಅಷ್ಟು ಕಡಿಮೆ ದುಡ್ಡಿನಲ್ಲಿ, ಅಷ್ಟು ಕಡಿಮೆ ದಿನಗಳಲ್ಲಿ ಕೆಲಸ ಮುಗಿಯಬೇಕಾದರೆ ಚಿತ್ರಗಳ ಸಂಖ್ಯೆಯನ್ನು ಕಡಿತ ಮಾಡುವುದು ಅನಿವಾರ್ಯವಾಗಿತ್ತು. ಒಂದೇ ಚಿತ್ರವನ್ನು ಮೂರು ಫ್ರೇಮುಗಳಷ್ಟು ಕಾಲ ಹಿಡಿದಿಟ್ಟರೆ ಸೆಕೆಂಡಿಗೆ ಇಪ್ಪತ್ತನಾಲ್ಕರ ಬದಲು ಎಂಟು ಚಿತ್ರ ಸಾಕು. ಆ ಕೊರತೆಯನ್ನು ತುಂಬಿದ್ದು ಚೌಕಟ್ಟಿನ ಜೋಡಣೆ, ಸಂಗೀತ ಮತ್ತು ಕಂಠ.

ಆದ್ದರಿಂದ ಮೇಡಂ, ನೀವು ಚಿತ್ರಕಲೆಯವರಾದ್ದರಿಂದ ಕಣ್ಣಿನಿಂದಲೇ ಅಳೆಯುತ್ತೀರಿ ಎಂದು ನನಗನ್ನಿಸುತ್ತದೆ. ಒಂದು ಕಂತನ್ನು ಕಿವಿಯಿಂದಲೂ ಅಳೆದು ನೋಡಿ. ‘ಆರ್ಬ್’ನಲ್ಲಿ ರಫಾಲನಿಗೆ ಕಂಠ ಕೊಟ್ಟವರು ಸಕಾಮೊಟೊ ಮಾಯಾ ಎಂಬ ಕಲಾವಿದೆ. ಹನ್ನೆರಡರ ಹುಡುಗನ ಜಾಣತನ, ಅಹಂಕಾರ, ಒಳಗಿನ ನಡುಕ ಮೂರನ್ನೂ ಅವರು ಒಂದೇ ವಾಕ್ಯದಲ್ಲಿ ಕೇಳಿಸುತ್ತಾರೆ. ವಿಚಾರಣಾಧಿಕಾರಿ ನೊವಾಕನ ಪಾತ್ರಕ್ಕೆ ತ್ಸುದಾ ಕೆಂಜಿರೊ ಇದ್ದಾರೆ. ಮನೆಗೆ ಹೋಗಿ ಮಗಳ ಜೊತೆ ಊಟ ಮಾಡಬೇಕಾದ ಸಾಮಾನ್ಯ ನೌಕರನ ದಣಿದ ದನಿಯಲ್ಲಿ ಅವನು ಮಾತನಾಡುತ್ತಾನೆ. ಮೊದಲ ದೃಶ್ಯ ನಿಮ್ಮನ್ನು ಹೆದರಿಸಿದ್ದಕ್ಕೆ ಆ ಶಾಂತವಾದ ದನಿಯೂ ಕಾರಣ. ಅದೇ ರೀತಿ ‘ರಾನ್ಮಾ’ದ ಹೊಸ ರೂಪದಲ್ಲಿ, 1989ರ ಹಳೆಯ ಸರಣಿಯಲ್ಲಿ ಇದ್ದ ಯಾಮಗುಚಿ ಕಪ್ಪೆಯಿ, ಹಯಾಶಿಬಾರಾ ಮೆಗುಮಿ ಮೊದಲಾದವರೇ ಮೂವತ್ತೈದು ವರ್ಷಗಳ ನಂತರ ಅದೇ ಹದಿಹರೆಯದ ಪಾತ್ರಗಳಿಗೆ ಮರಳಿ ಕಂಠ ಕೊಟ್ಟಿದ್ದಾರೆ. ನಾನು ಆ ಸರಣಿಯನ್ನು ಮುಂದುವರಿಸುತ್ತಿರುವುದು ಇದೊಂದೇ ಕಾರಣಕ್ಕೆ.

‘ಬ್ಲೂ ಲಾಕ್’ ವಿಷಯದಲ್ಲಿ ಮಾತ್ರ ದೂರು ಹೇಳುವವರ ಪಕ್ಷದಲ್ಲಿ ಒಂದು ನ್ಯಾಯವಿದೆ. ಓಟವೇ ಕಥೆಯಾಗಿರುವ ಕಡೆ ಓಟವನ್ನು ನಿಲ್ಲಿಸಿ ತೋರಿಸಿದರೆ ಕಂಠದಿಂದ ಅದನ್ನು ತುಂಬಲಾಗುವುದಿಲ್ಲ.

ಬ್ರೂಸ್‌ಪೇಟೆ, ಬಳ್ಳಾರಿ

ಅಕ್ಕಾ, ನಿಮ್ಮ ಎರಡನೆಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ನೀವು ಹೆಸರಿಸಿದ ಮೂರೂ ಸರಣಿಗಳು ಈ ಸಲ ನೆಟ್‌ಫ್ಲಿಕ್ಸ್‌ನಲ್ಲಿಯೇ ಇವೆ, ‘ರಾನ್ಮಾ’ವೂ ಅಲ್ಲಿಯೇ. ಸಾಮಾನ್ಯವಾಗಿ ಅನಿಮೆಗೆಂದೇ ಇರುವ ಕ್ರಂಚಿರೋಲ್‌ನಲ್ಲಿ ಹೆಚ್ಚು ಸರಣಿಗಳಿರುತ್ತವೆ, ತಿಂಗಳಿಗೆ 79 ರೂಪಾಯಿಯಿಂದ ಶುರುವಾಗುವ ಚಂದಾವೂ ಕಡಿಮೆ. ಆದರೆ ಈ ಋತುವಿನಲ್ಲಿ ನಿಮಗೆ ಬೇಕಾದದ್ದು ಅಲ್ಲಿ ಸಿಗುವುದಿಲ್ಲ. ನೆಟ್‌ಫ್ಲಿಕ್ಸ್‌ನ 149 ರೂಪಾಯಿಯ ಯೋಜನೆ ಮೊಬೈಲು ಮತ್ತು ಟ್ಯಾಬ್ಲೆಟ್ಟಿಗೆ ಮಾತ್ರ, ಚಿತ್ರದ ಸ್ಪಷ್ಟತೆಯೂ 480ಪಿ ಮಾತ್ರ. ಮೂವರು ಕುಳಿತು ಟಿ.ವಿ.ಯಲ್ಲಿ ನೋಡಬೇಕಾದರೆ 199 ರೂಪಾಯಿಯದನ್ನೇ ತೆಗೆದುಕೊಳ್ಳಬೇಕು; ಅದರಲ್ಲಿ 720ಪಿ ಬರುತ್ತದೆ. ‘ದಂದದಾನ್’ನ ಬಣ್ಣಗಳನ್ನು ಆರಿಂಚಿನ ಪರದೆಯಲ್ಲಿ ನೋಡುವುದು ಅದಕ್ಕೆ ಮಾಡುವ ಅನ್ಯಾಯ. ಯೂಟ್ಯೂಬಿನಲ್ಲಿ ಮ್ಯೂಸ್ ಏಷ್ಯಾದಂಥ ಅಧಿಕೃತ ವಾಹಿನಿಗಳು ಕೆಲವು ಸರಣಿಗಳನ್ನು ಇಂಗ್ಲಿಷ್ ಸಬ್‌ಟೈಟಲ್ ಸಮೇತ ಉಚಿತವಾಗಿಯೇ ಹಾಕುತ್ತವೆ. ಕಳ್ಳ ತಾಣಗಳಿಗೆ ಹೋಗುವ ಮುಂಚೆ ಅಲ್ಲಿ ಹುಡುಕುವುದು ಒಳ್ಳೆಯದು.

ನಿಮ್ಮ ಅತ್ತೆಯವರ ವಿಷಯ ಓದಿ ನನಗೆ ನನ್ನ ಅಜ್ಜಿಯೇ ನೆನಪಾದರು. ಈ ವರ್ಷದ ಜನವರಿಯಲ್ಲಿ ಬಂದ ‘ಸೋಲೋ ಲೆವೆಲಿಂಗ್’ ಅನ್ನು ಕ್ರಂಚಿರೋಲ್ ಹಿಂದಿ, ತಮಿಳು, ತೆಲುಗಿನಲ್ಲಿ ಡಬ್ ಮಾಡಿಸಿತು. ನಮ್ಮ ಮನೆಯಲ್ಲಿ ಅದನ್ನು ತೆಲುಗಿನಲ್ಲಿ ಹಾಕಿದ ದಿನ, ಅಲ್ಲಿಯವರೆಗೆ ಇದು ಹುಡುಗರ ಗೊಂಬೆಯಾಟ ಎಂದು ಎದ್ದುಹೋಗುತ್ತಿದ್ದ ಅಜ್ಜಿ ಕೊನೆಯವರೆಗೂ ಕುಳಿತರು. ನಮ್ಮ ಬಳ್ಳಾರಿಯಲ್ಲಿ, ರಾಯಚೂರಿನಲ್ಲಿ ಎಷ್ಟೋ ಮನೆಗಳಿಗೆ ತೆಲುಗೇ ದಾರಿ ಮಾಡಿಕೊಟ್ಟಿದೆ. ಅದಕ್ಕೆ ನಾನು ಕೃತಜ್ಞ. ಆದರೂ ನಾನು ನೋಡಿದ ಯಾವ ಹೊಸ ಸರಣಿಯಲ್ಲಿಯೂ ಧ್ವನಿಯ ಪಟ್ಟಿಯನ್ನು ಕೆಳಗಿನವರೆಗೆ ಸರಿಸಿದಾಗ ಕನ್ನಡ ಕಾಣದೆ ಇರುವುದು ಪ್ರತಿ ಸಲವೂ ನೋಯಿಸುತ್ತದೆ.

ಡಬ್ಬಿಂಗ್ ಬೇಡ ಎಂಬ 1960ರ ದಶಕದ ಹೋರಾಟಕ್ಕೆ ಅಂದಿನ ಕಾಲದಲ್ಲಿ ಕಾರಣಗಳಿದ್ದವು. ಮದರಾಸಿನ ನೆರಳಿನಲ್ಲಿ ಕನ್ನಡ ಚಿತ್ರರಂಗ ಕಾಲೂರಬೇಕಾಗಿತ್ತು. ಆದರೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗನ್ನು ತಡೆಯುವುದು ತಪ್ಪೆಂದು ಆದೇಶ ಮಾಡಿದ ಮೇಲೂ ಮಕ್ಕಳ ಮತ್ತು ಹದಿಹರೆಯದವರ ಲೋಕಕ್ಕೆ ಆ ಬಾಗಿಲು ಸರಿಯಾಗಿ ತೆರೆದಿಲ್ಲ. ನಮ್ಮ ಪೀಳಿಗೆಯವರು ಡೋರೇಮಾನ್ ನೋಡುತ್ತ ಹಿಂದಿ ಕಲಿತೆವು. ಅದೇ ಗೊಂಬೆ ಕನ್ನಡದಲ್ಲಿ ಮಾತನಾಡಿದ್ದರೆ ಎಷ್ಟು ಪದಗಳು ನಮ್ಮ ನಾಲಗೆಯಲ್ಲಿ ಉಳಿಯುತ್ತಿದ್ದವು ಎಂದು ನಾನು ಆಗಾಗ ಯೋಚಿಸುತ್ತೇನೆ. ಡಬ್ಬಿಂಗಿಗೆ ಕಲಾವಿದರು, ಸ್ಟುಡಿಯೋ, ದುಡ್ಡು ಎಲ್ಲವೂ ಬೇಕು, ನಿಜ. ಸಬ್‌ಟೈಟಲ್ಲಿಗೆ ಅಷ್ಟೆಲ್ಲ ಬೇಡ, ಒಬ್ಬ ಒಳ್ಳೆಯ ಅನುವಾದಕ ಸಾಕು. ನಾನು ಎರಡೂ ಸೇವೆಗಳಿಗೆ ಕನ್ನಡ ಸಬ್‌ಟೈಟಲ್ ಬೇಕೆಂದು ಅವರವರ ಸಹಾಯ ಪುಟದ ಮೂಲಕ ಬರೆದಿದ್ದೇನೆ. ಪ್ರತಿ ಋತುವಿನ ಆರಂಭದಲ್ಲಿ ಮತ್ತೆ ಬರೆಯುತ್ತೇನೆ. ಇಲ್ಲಿರುವವರೆಲ್ಲ ಬರೆಯಬೇಕೆಂದು ಕೋರುತ್ತೇನೆ.

ಡಿಪ್ಲೊಮಾ ವಿದ್ಯಾರ್ಥಿ, ಸಿಂಧನೂರು

ನನ್ನ ಬಳಿ ಇರುವುದು ಮೊಬೈಲ್ ಮಾತ್ರ, ಚಂದಾಕ್ಕೆ ದುಡ್ಡು ಸಿಗುವುದು ಮೂರು ತಿಂಗಳಿಗೊಮ್ಮೆ. ಆದ್ದರಿಂದ ನಾನು ಋತು ಮುಗಿಯುವವರೆಗೆ ಕಾದು, ಡಿಸೆಂಬರ್ ಕೊನೆಯಲ್ಲಿ ಒಂದು ತಿಂಗಳ ಚಂದಾ ತೆಗೆದುಕೊಂಡು, ಹನ್ನೆರಡು ಕಂತುಗಳ ‘ದಂದದಾನ್’ ಅನ್ನು ಒಟ್ಟಿಗೆ ನೋಡುತ್ತೇನೆ. ‘ಬ್ಲೂ ಬಾಕ್ಸ್’, ‘ಆರ್ಬ್’ ಎರಡೂ ಮಾರ್ಚ್‌ವರೆಗೆ ನಡೆಯುವಂಥವು, ಅವು ಮುಂದಿನ ಸಲಕ್ಕೆ. ಮೊದಲ ಅನಿಸಿಕೆಯ ಪ್ರಶ್ನೆಯೇ ನನಗೆ ಏಳುವುದಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಯಾವುದು ಕೊನೆಯವರೆಗೆ ನಿಂತಿತು ಎಂದು ನೀವೆಲ್ಲ ಹೇಳಿರುತ್ತೀರಿ. ಆದರೆ ಒಂದು ಕೊರತೆ ಇದೆ. ನೀವೆಲ್ಲ ವಾರವಾರ ಇಲ್ಲಿ ಚರ್ಚಿಸುವಾಗ ನಾನು ಕಥೆ ಬಯಲಾಗುವ ಭಯದಿಂದ ದೂರ ಇರಬೇಕಾಗುತ್ತದೆ. ರಾಯಚೂರಿನ ಅಣ್ಣ ಮೂರನೆಯ ಕಂತಿನ ಬಗ್ಗೆ ಬಾಯಿ ಬಿಡದೆ ಇದ್ದದ್ದಕ್ಕೆ ಧನ್ಯವಾದ.

ಚಿತ್ರಕಲಾ ಶಿಕ್ಷಕಿ, ಬಳ್ಳಾರಿ

ಎಲ್ಲರಿಗೂ ಧನ್ಯವಾದಗಳು. ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ಮಾತನ್ನು ಪರೀಕ್ಷಿಸಿ ಬರೆಯಬೇಕೆಂದಿತ್ತು. 199 ರೂಪಾಯಿಯ ಯೋಜನೆಯನ್ನೇ ಇಟ್ಟುಕೊಂಡಿದ್ದೇವೆ. ‘ದಂದದಾನ್’ ಅನ್ನು ನಾನು ಒಬ್ಬಳೇ ಮೊದಲು ನೋಡಿ, ಆಮೇಲೆ ಮಗಳಿಗೆ ತೋರಿಸುತ್ತಿದ್ದೇನೆ. ಮೊದಲ ಕಂತಿನ ಆ ದೃಶ್ಯದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಆ ಹುಡುಗ ಹುಡುಗಿಯ ನಡುವೆ ಬೆಳೆಯುವ ಸ್ನೇಹವನ್ನು ಇಷ್ಟು ಮಮತೆಯಿಂದ ಬರೆದಿರುತ್ತಾರೆಂದು ಒಂದೇ ಕಂತು ನೋಡಿ ಊಹಿಸಲು ಸಾಧ್ಯವಿರಲಿಲ್ಲ.

‘ಆರ್ಬ್’ನ ಮೂರು ಕಂತುಗಳನ್ನು ನಾನು ಒಂದು ರಾತ್ರಿ ಒಬ್ಬಳೇ ನೋಡಿದೆ. ಕೊಪ್ಪಳದವರು ಹೇಳಿದಂತೆ ಒಂದು ಭಾಗವನ್ನು ಕಣ್ಣು ಮುಚ್ಚಿಕೊಂಡು ಕೇಳಿದೆ. ಭಾಷೆ ತಿಳಿಯದಿದ್ದರೂ ರಫಾಲನು ಯಾವಾಗ ಸುಳ್ಳು ಹೇಳುತ್ತಿದ್ದಾನೆ ಎಂದು ಗೊತ್ತಾಗುತ್ತಿತ್ತು. ಮೂರನೆಯ ಕಂತು ಮುಗಿದ ಮೇಲೆ ಬಹಳ ಹೊತ್ತು ಟಿ.ವಿ. ಆರಿಸದೆ ಕುಳಿತಿದ್ದೆ. ಮರುದಿನವೇ ಮಗಳನ್ನು ಕೂರಿಸಿಕೊಂಡು, ಆ ಮೊದಲ ದೃಶ್ಯವನ್ನು ದಾಟಿಸಿ, ಉಳಿದದ್ದನ್ನೆಲ್ಲ ತೋರಿಸಿದೆ. ಭೂಮಿ ತನ್ನ ಸುತ್ತ ತಾನೇ ತಿರುಗುತ್ತದೆ ಎಂದು ಆರ್ಯಭಟನು 499ರಷ್ಟು ಹಿಂದೆಯೇ ಬರೆದಿದ್ದನ್ನೂ, ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡವೇ ಹಿಂದಕ್ಕೆ ಓಡುವಂತೆ ಕಾಣುತ್ತದೆ ಎಂಬ ಅವನ ಹೋಲಿಕೆಯನ್ನೂ ಅವಳೇ ಪಾಠದಿಂದ ನೆನಪಿಸಿಕೊಂಡು ಹೇಳಿದಳು. ಅದು ಸೂರ್ಯನ ಸುತ್ತಲಿನ ಚಲನೆಯ ಮಾತಲ್ಲ, ಬೇರೆ ಮಾತು ಎಂಬುದನ್ನು ಇಬ್ಬರೂ ಕುಳಿತು ಕಿತ್ತಳೆಹಣ್ಣು ಹಿಡಿದು ತಿರುಗಿಸಿ ಸ್ಪಷ್ಟ ಮಾಡಿಕೊಂಡೆವು.

ಭಾಷೆಯ ವಿಷಯಕ್ಕೆ ನಮ್ಮ ಮನೆಯಲ್ಲಿ ಸಿಕ್ಕ ದಾರಿ ಇದು: ಮಗಳು ರಿಮೋಟ್ ಹಿಡಿದು ಕುಳಿತು, ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು, ಅತ್ತೆಯವರಿಗೆ ಕನ್ನಡದಲ್ಲಿ ಹೇಳುತ್ತಾಳೆ. ಮೊದಲು ಬರಿಯ ಸಾರಾಂಶ ಹೇಳುತ್ತಿದ್ದವಳು ಈಗ ಪಾತ್ರಕ್ಕೊಂದು ದನಿ ಮಾಡುತ್ತಾಳೆ. ನೊವಾಕನಿಗೆ ಅವಳು ಕೊಟ್ಟಿರುವುದು ನಮ್ಮ ಅಂಚೆಯವರ ದನಿ. ಇಪ್ಪತ್ತನಾಲ್ಕು ನಿಮಿಷದ ಕಂತು ಒಂದು ಗಂಟೆ ಹಿಡಿಯುತ್ತದೆ. ಬ್ರೂಸ್‌ಪೇಟೆಯ ತಮ್ಮ ಹೇಳಿದಂತೆ ಕನ್ನಡ ಸಬ್‌ಟೈಟಲ್ಲಿಗಾಗಿ ನಾನೂ ಮಗಳೂ ಬೇರೆ ಬೇರೆಯಾಗಿ ಬರೆದಿದ್ದೇವೆ. ಅತ್ತೆಯವರು ರಫಾಲನನ್ನು ಹಚ್ಚಿಕೊಂಡುಬಿಟ್ಟಿದ್ದಾರೆ. ಇವನಿಗೆ ಹೆತ್ತವರಿಲ್ಲವೇ ಎಂದು ಎರಡು ಸಲ ಕೇಳಿದರು. ಅವರಿಗಿನ್ನೂ ಮೂರನೆಯ ಕಂತು ತೋರಿಸಿಲ್ಲ. ಈ ಶನಿವಾರಕ್ಕೆ ಇಟ್ಟುಕೊಂಡಿದ್ದೇವೆ. ಅಂದು ಊಟ ಎಂಟಕ್ಕೇ ಮುಗಿಸಬೇಕೆಂದು ಅವರೇ ಹೇಳಿದ್ದಾರೆ.